ನೋಡದ ರೊಟ್ಟಿಗೆ ತಪಾಸಣೆ ಶುಲ್ಕ

2024ರ ಡಿಸೆಂಬರ್. ಆಗ ನಾನು ಕಮಲಾಪುರದ ಒಂದು ಬ್ಯಾಂಕಿನಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೆ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಮನೆ ಕಲಬುರಗಿಯ ಸೇಡಂ ರಸ್ತೆಯಲ್ಲಿ. ದಿನಾ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ತೂಕಡಿಸುತ್ತ ಮರಳುವುದು. ಮೂವತ್ನಾಲ್ಕು ವರ್ಷ ಸೇವೆ ಮಾಡಿದವನಿಗೆ ಆ ಹೊತ್ತಿಗೆ ಉಳಿದಿರುವ ಮಹತ್ವಾಕಾಂಕ್ಷೆ ಕಿಟಕಿ ಪಕ್ಕದ ಸೀಟು ಒಂದೇ.

ಕಮಲಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಗದೇವಿ ಎಂಬುವರು ಜೋಳದ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ವಯಸ್ಸು ನಲವತ್ತೈದರ ಆಸುಪಾಸು. ಜೊತೆಗೆ ದುಡಿಯಲು ನಾಲ್ಕು ಜನ ಹೆಂಗಸರು. ನಮ್ಮ ಶಾಖೆ ಅವರಿಗೆ 50,000 ರೂಪಾಯಿಯ ಓವರ್‌ಡ್ರಾಫ್ಟ್ ಕೊಟ್ಟಿತ್ತು. ಓವರ್‌ಡ್ರಾಫ್ಟ್ ಎಂದರೆ, ಖಾತೆಯಲ್ಲಿ ನಿಮ್ಮ ಹಣ ಒಂದು ಪೈಸೆ ಇಲ್ಲದಿದ್ದರೂ ಗೊತ್ತುಪಡಿಸಿದ ಮಿತಿಯವರೆಗೆ ತೆಗೆಯಬಹುದು, ತೆಗೆದಷ್ಟಕ್ಕೆ ಬಡ್ಡಿ ಕಟ್ಟಬೇಕು. ಮಿತಿ ದಾಟಿದಿರೋ, ಬ್ಯಾಂಕು ತನ್ನ ಇನ್ನೊಂದು ಮುಖ ತೋರಿಸುತ್ತದೆ.

ಜಗದೇವಿ ಮಿತಿಯ ಅಂಚಿನವರೆಗೆ ಹೋಗುತ್ತಿದ್ದರು, ದಾಟುತ್ತಿರಲಿಲ್ಲ. ಅವರದೊಂದು ಪದ್ಧತಿ ಇತ್ತು. ಎಷ್ಟೇ ಹಣ ತೆಗೆದರೂ ಹನ್ನೊಂದು ರೂಪಾಯಿ ಬಿಟ್ಟೇ ತೆಗೆಯುವುದು. ಊಟದ ಗಂಗಾಳವನ್ನೂ ಖಾತೆಯನ್ನೂ ಪೂರ್ತಿ ಬರಿದು ಮಾಡಬಾರದು ಎಂಬುದು ಅವರ ನಂಬಿಕೆ. ನಮ್ಮ ಕ್ಯಾಷಿಯರ್ ಒಮ್ಮೆ ನಕ್ಕಾಗ, "ನಗ್ರೀ ನಗ್ರೀ, ನಿಮ್ಮ ಬ್ಯಾಂಕ್ ಖಾಲಿ ಆದಾಗ ನನ್ನ ಹನ್ನೊಂದು ರೂಪಾಯಿನೇ ಅಡ್ಡ ಬರ್ತಾವ" ಎಂದಿದ್ದರು.

ಇಂಥ ಸಾಲಕ್ಕೆ ಅಂಗಡಿಯ ದಾಸ್ತಾನೇ ಭದ್ರತೆ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಬ್ಯಾಂಕಿನವರು ಹೋಗಿ ದಾಸ್ತಾನು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಅದಕ್ಕೆ ತಪಾಸಣೆ ಶುಲ್ಕ 200 ರೂಪಾಯಿ, ಜಿಎಸ್‌ಟಿ 36, ಒಟ್ಟು 236. ಮೊದಲು ನಾವು ಹೋಗಿ ಬಂದ ಮೇಲೆ ಕೈಯಾರೆ ಶುಲ್ಕ ಹಾಕುತ್ತಿದ್ದೆವು. ಹೋಗದಿದ್ದರೆ ಹಾಕುತ್ತಿರಲಿಲ್ಲ. ರೊಟ್ಟಿ ಕೇಂದ್ರಕ್ಕೆ ಹೋಗುವುದು ಕಡಿಮೆಯೇ. ಬೆಳಿಗ್ಗೆ ಬಡಿದದ್ದು ಸಂಜೆಗೆ ಇರದ ದಾಸ್ತಾನನ್ನು ಯಾವ ಗಂಟೆಗೆ ತಪಾಸಣೆ ಮಾಡಬೇಕೆಂದು ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.

ಆ ಅಕ್ಟೋಬರ್‌ನಲ್ಲಿ ನಿಯಮ ಬದಲಾಯಿತು. ಇನ್ನು ಮುಂದೆ ತ್ರೈಮಾಸಿಕದ ಕೊನೆಯ ದಿನ ಕಂಪ್ಯೂಟರೇ ಎಲ್ಲ ಖಾತೆಗಳಿಂದ 236 ರೂಪಾಯಿ ಕಳೆಯುತ್ತದೆ. ಗ್ರಾಹಕರಿಗೆ ತಿಳಿಸತಕ್ಕದ್ದು ಎಂದು ಸುತ್ತೋಲೆ ಬಂತು. ನಾವು ತಿಳಿಸಿದೆವು. ಅಂದರೆ ಸುತ್ತೋಲೆಯನ್ನು ಇಂಗ್ಲಿಷಿನಲ್ಲೇ ಸೂಚನಾ ಫಲಕಕ್ಕೆ ಅಂಟಿಸಿದೆವು. ಆ ಫಲಕದ ಮುಂದೆ ನೀರಿನ ಫಿಲ್ಟರ್ ನಿಂತು ಒಂದು ವರ್ಷವಾಗಿತ್ತು.

ಡಿಸೆಂಬರ್ 27, ಶುಕ್ರವಾರ. ಜಗದೇವಿ ಕಲಬುರಗಿಯ ಧಾನ್ಯದ ಪೇಟೆಯಾದ ನೆಹರು ಗಂಜ್‌ನ ಅಡತಿ ವ್ಯಾಪಾರಿ ಶಿವಶರಣಪ್ಪನವರಿಗೆ ಹಿಂದೆ ಉದ್ರಿ, ಅಂದರೆ ಸಾಲದ ಮೇಲೆ, ತಂದ ನಾಲ್ಕು ಕ್ವಿಂಟಲ್ ಜೋಳದ ಬಾಬತ್ತು 18,400 ರೂಪಾಯಿಯ ಚೆಕ್ಕು ಕೊಟ್ಟರು. ಅದೇ ದಿನ ನಮ್ಮಲ್ಲಿಗೆ ಬಂದು ಅಷ್ಟೇ ನಗದು ಕಟ್ಟಿದರು. ತಿಂಗಳ ಬಡ್ಡಿ ಎಷ್ಟಾಗುತ್ತದೆಂದು ಕೇಳಿ ಅದನ್ನೂ ಕಟ್ಟಿದರು. ಚೆಕ್ಕು ಪಾಸಾದ ಮೇಲೆ ಉಳಿಯಬೇಕಾದದ್ದು ಹನ್ನೊಂದು ರೂಪಾಯಿ.

ಶಿವಶರಣಪ್ಪನವರು ಅಂದೇ ಚೆಕ್ಕು ಬ್ಯಾಂಕಿಗೆ ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಸೋಮವಾರ ಎಳ್ಳ ಅಮಾವಾಸ್ಯೆ. ಅಮಾವಾಸ್ಯೆ ಎದುರಿಗಿರುವಾಗ ಅವರು ಹಣದ ಕಾಗದವನ್ನು ಅಂಗಡಿಯಿಂದ ಹೊರಗೆ ಕಳಿಸುವುದಿಲ್ಲ. ಚೆಕ್ಕನ್ನು ಲಕ್ಷ್ಮಿಯ ಪಟದ ಕೆಳಗಿಟ್ಟು, ಹಬ್ಬ ಮುಗಿಸಿ, 31ರಂದು ಬ್ಯಾಂಕಿಗೆ ಹಾಕಿದರು. ಆ ರಾತ್ರಿ ನಮ್ಮ ಕಂಪ್ಯೂಟರ್ 236 ಕಳೆಯಿತು. ಜನವರಿ 1ರಂದು ಚೆಕ್ಕು ಬಂದಾಗ ಖಾತೆಯಲ್ಲಿ ಸಿಗುತ್ತಿದ್ದದ್ದು 18,175. ಕೊರತೆ 225 ರೂಪಾಯಿ.

ಕೊರತೆಯಿರುವ ಚೆಕ್ಕುಗಳ ಪಟ್ಟಿ ಬೆಳಿಗ್ಗೆ ವ್ಯವಸ್ಥಾಪಕನ ಪರದೆಗೆ ಬರುತ್ತದೆ. ಸಣ್ಣ ಕೊರತೆಯಾದರೆ ಪಾಸು ಮಾಡುವ ಅಧಿಕಾರ ನನಗಿತ್ತು. ಅಂದು ಪಟ್ಟಿಯಲ್ಲಿ ಏಳು ಚೆಕ್ಕು ಇದ್ದವು. ನಾನು ಪ್ರಾದೇಶಿಕ ಕಚೇರಿಗೆ ತ್ರೈಮಾಸಿಕದ ತಖ್ತೆ ಕಳಿಸುವ ಗಡಿಬಿಡಿಯಲ್ಲಿದ್ದೆ. ಏಳಕ್ಕೂ ಒಟ್ಟಿಗೇ 'ರಿಟರ್ನ್' ಒತ್ತಿದೆ. ಹೆಸರು ಓದಲಿಲ್ಲ. ಚೆಕ್ಕು "ಒಪ್ಪಿದ ಮಿತಿ ಮೀರಿದೆ" ಎಂಬ ಷರಾದೊಂದಿಗೆ ವಾಪಸಾಯಿತು. ವಾಪಸಾತಿಯ ಶುಲ್ಕವೆಂದು ಇನ್ನೊಂದು 354 ರೂಪಾಯಿ ಜಗದೇವಿಯವರ ಖಾತೆಯಿಂದಲೇ ಹೋಯಿತು.

ಮಾರನೆಯ ದಿನ ಬಾಗಿಲು ತೆರೆಯುವ ಮೊದಲೇ ಅವರು ಕಟ್ಟೆಯ ಮೇಲೆ ಕೂತಿದ್ದರು.

"ಸಾಹೇಬ್ರ, ರೊಕ್ಕ ನಾ ಕಟ್ಟೀನೋ ಇಲ್ಲೋ?"

"ಕಟ್ಟೀರಿ."

"ಮತ್ತ ಗಂಜಿನಾಗ ನನ್ನ ಚೆಕ್ ಬೌನ್ಸ್ ಆಗ್ಯದ ಅಂತ ಡಂಗುರ ಯಾಕ ಹೊಡದ್ರಿ?"

ನಾನು ಪಾಸ್‌ಬುಕ್ ಮುದ್ರಿಸಿ ಸಾಲು ತೋರಿಸಿದೆ. ತಪಾಸಣೆ ಶುಲ್ಕ ಎಂದೆ. ಸಿಸ್ಟಮ್ ತಾನಾಗಿಯೇ ಹಾಕಿದೆ ಎಂದೆ. ನಮ್ಮ ಉದ್ಯೋಗದಲ್ಲಿ 'ಸಿಸ್ಟಮ್' ಎಂಬುದು ಊರದೇವರಿದ್ದಂತೆ. ಎಲ್ಲ ಅದರ ಇಚ್ಛೆ.

ಅವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಯಾರು ನೋಡಾಕ ಬಂದಿದ್ರು? ನಾನಂತೂ ಯಾರನ್ನೂ ನೋಡಿಲ್ಲ. ಬರ್ಲಾರ್ದೆ, ನೋಡ್ಲಾರ್ದೆ, ನೋಡಿದ್ದಕ್ಕ ರೊಕ್ಕ ತಗೊಂಡ್ರಿ. ನಾ ಹಂಗ ಬಡೀಲಾರದ ರೊಟ್ಟಿಗೆ ರೊಕ್ಕ ತಗೊಂಡ್ರ ನೀವು ಸುಮ್ಮ ಕೂಡ್ತೀರೇನ್ರಿ?"

ಕ್ಯಾಷಿಯರ್ ಕೆಮ್ಮಿದ. ನಾನು ಪಾಸ್‌ಬುಕ್ ಮಡಚಿ ಅವರ ಕೈಗಿಟ್ಟೆ.

ವಿಷಯ ಹಣಕ್ಕಿಂತ ದೊಡ್ಡದಾಗಿತ್ತು. ಸಂಕ್ರಾಂತಿ ಮುಗಿದ ಮೇಲೆ ಕಲಬುರಗಿಯ ಒಂದು ಹಾಸ್ಟೆಲ್ಲಿಗೆ ದಿನಕ್ಕೆ ಆರುನೂರು ರೊಟ್ಟಿ ಕೊಡುವ ಮಾತಾಗಿತ್ತು. ಅಷ್ಟು ದೊಡ್ಡ ಕೆಲಸ ಅವರಿಗೆ ಅದೇ ಮೊದಲು. ಅದಕ್ಕೆ ಐದು ಕ್ವಿಂಟಲ್ ಜೋಳ ಗಂಜ್‌ನಿಂದ ಉದ್ರಿ ಬರಬೇಕು. ಶಿವಶರಣಪ್ಪನವರು ಚೆಕ್ಕು ವಾಪಸ್ ಕಳಿಸಿ, ಇನ್ನು ನಗದು ತಂದರೆ ಮಾತ್ರ ಮಾಲು ಎಂದಿದ್ದರು. ಉಳಿದ ಅಂಗಡಿಗಳಿಗೂ ಸುದ್ದಿ ಮುಟ್ಟಿತ್ತು. ಗಂಜ್‌ನಲ್ಲಿ ಕಾಳಿಗಿಂತ ಮೊದಲು ಬಿಕರಿಯಾಗುವುದು ಸುದ್ದಿ.

ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಅಧಿಕಾರಿ ಸಜ್ಜನರು. "ಎರಡೂ ಶುಲ್ಕ ಸೇರಿ 590 ವಾಪಸ್ ಕೊಡಿ, ಸೌಹಾರ್ದದ ಕ್ರಮ ಅಂತ ಹಾಕಿ. ತಪ್ಪು ಅಂತ ಮಾತ್ರ ಎಲ್ಲೂ ಬರೀಬ್ಯಾಡ್ರಿ" ಎಂದರು. ಹಣ ವಾಪಸ್ ಹಾಕಿ, ಜಗದೇವಿಯವರನ್ನು ಕರೆಸಿ, ದಾನಶೂರನ ಗತ್ತಿನಲ್ಲಿ ಹೇಳಿದೆ.

"ಇದು ನನಗ ಭಿಕ್ಷಾ ಆತ್ರಿ" ಎಂದರು ಅವರು. "ರೊಕ್ಕ ಬಂತು, ಹೆಸರು ಬಂತೇನು? ತಪ್ಪು ಬ್ಯಾಂಕಿಂದು ಅಂತ ಒಂದು ಚೀಟಿ ಬರದು ಕೊಡ್ರಿ. ಗಂಜಿನ ಸಾವ್ಕಾರ್ರಿಗೆ ತೋರಸ್ತೀನಿ."

ಓದುಗರು ಇದನ್ನು ಸಣ್ಣ ಕೋರಿಕೆ ಎಂದು ತಿಳಿಯಬಾರದು. ಮೂವತ್ನಾಲ್ಕು ವರ್ಷಗಳಲ್ಲಿ ನಾನು ಸಾವಿರಾರು ಪತ್ರಗಳಿಗೆ ಸಹಿ ಹಾಕಿದ್ದೆ. 'ತಪ್ಪು ನಮ್ಮದು' ಎಂಬ ಎರಡು ಪದ ಒಂದರಲ್ಲೂ ಇರಲಿಲ್ಲ. 'ಅನಾನುಕೂಲಕ್ಕೆ ವಿಷಾದಿಸುತ್ತೇವೆ' ಎಂಬುದು ನಮ್ಮ ಪಾಪನಿವೇದನೆಯ ಪರಮಾವಧಿ. ಅದರ ಮೇಲೆ ನಿವೃತ್ತಿ ಹತ್ತಿರ. ಕೊನೆಯ ತಿಂಗಳುಗಳಲ್ಲಿ ಮೆಮೋ ಬಂದರೆ ಗ್ರಾಚ್ಯುಯಿಟಿ ಕಡತ ಯಾವ ಕಪಾಟಿನಲ್ಲಿ ನಿದ್ದೆ ಹೋಗುತ್ತದೆಂದು ಹೇಳಲಾಗದು. ನಾಳೆ ಬನ್ನಿ ಎಂದೆ. ಅವರು ನಾಳೆ ಬಂದರು. ಹೀಗೆ ನಾಲ್ಕು ನಾಳೆಗಳಾದವು. ಬಂದಾಗಲೆಲ್ಲ ಅರ್ಧ ಗಂಟೆ ಕೂತು, ಬೆಂಚಿನ ಮೇಲಿದ್ದವರಿಗೆ ಕಥೆ ಪೂರ್ತಿ ಹೇಳಿ ಎದ್ದು ಹೋಗುತ್ತಿದ್ದರು.

ಐದನೆಯ ದಿನ ನಾನು ತಪಾಸಣೆ ರಿಜಿಸ್ಟರ್ ತೆಗೆದೆ. ಶುಲ್ಕ ಹಾಕಿದ ಮೇಲೆ ಅದರಲ್ಲಿ ಒಂದು ನಮೂದು ಇರಲೇಬೇಕು. ಇಲ್ಲದಿದ್ದರೆ ಆಡಿಟ್‌ನವರು ಬಿಡುವುದಿಲ್ಲ. ಹಿಂದಿನ ತಾರೀಖು ಹಾಕಿ, 'ದಾಸ್ತಾನು ಪರಿಶೀಲಿಸಲಾಗಿದೆ, ತೃಪ್ತಿಕರ' ಎಂದು ಬರೆದರೆ ಮುಗಿಯಿತು. ಪೆನ್ನು ಎತ್ತಿದೆ. ಬರೆಯುವ ಮುನ್ನ ಕಣ್ಣೆತ್ತಿದರೆ ಬೆಂಚಿನ ಮೇಲೆ ಜಗದೇವಿ. ಧೈರ್ಯ ಬಂದು ಬರೆಯದೆ ಬಿಟ್ಟೆ ಎಂದು ಹೇಳಿದರೆ ಅದು ಸುಳ್ಳಾದೀತು. ದಣಿವಾಗಿತ್ತು. ಇನ್ನೊಂದು ಸುಳ್ಳಿಗೆ ಸಹಿ ಹಾಕಲು ಕೈ ಬರಲಿಲ್ಲ, ಅಷ್ಟೇ. ರಿಜಿಸ್ಟರ್ ಮುಚ್ಚಿ, ಲೆಟರ್‌ಹೆಡ್ ಎಳೆದುಕೊಂಡು ಕನ್ನಡದಲ್ಲಿ ಬರೆದೆ: ಈ ಗ್ರಾಹಕರು ಚೆಕ್ಕಿಗೆ ಬೇಕಾದ ಹಣ ಮೊದಲೇ ಕಟ್ಟಿದ್ದರು. ಮುಂಚಿತವಾಗಿ ತಿಳಿಸದೆ ಶುಲ್ಕ ಕಳೆದದ್ದರಿಂದ, ಮತ್ತು ನಾನು ಪಟ್ಟಿ ನೋಡದೆ ಹಿಂತಿರುಗಿಸಿದ್ದರಿಂದ ಚೆಕ್ಕು ವಾಪಸಾಗಿದೆ. ತಪ್ಪು ಶಾಖೆಯದು.

ಎರಡನೆಯ ಶನಿವಾರ ರಜೆಯಿತ್ತು. ಹಳೆಯ ಬಾಕಿಯ ನಗದು ಹಿಡಿದು ಹೊರಟ ಜಗದೇವಿಯವರ ಜೊತೆ ನಾನೂ ಗಂಜ್‌ಗೆ ಹೋದೆ. ಶಿವಶರಣಪ್ಪನವರು ಕನ್ನಡಕ ಏರಿಸಿ ಪತ್ರವನ್ನು ಹಮಾಲರಿಗೂ ಕೇಳುವಂತೆ ಓದಿದರು.

"ತಪ್ಪು ನಂದು ಅಂತ ಬ್ಯಾಂಕ್ ಬರದು ಕೊಟ್ಟದ್ದು ನನ್ನ ಜಿಂದಗಿನಾಗ ನೋಡಿದ್ದಿಲ್ಲರಿ. ಇದನ್ನ ಕಟ್ಟ ಹಾಕಿಸಿ ಗ್ವಾಡಿಗೆ ಹಚ್ಚಬೇಕು."

"ನೀವೂ ಶುಕ್ರವಾರನೇ ಚೆಕ್ ಹಾಕಿದ್ರ ಇಷ್ಟು ಆಗ್ತಿದ್ದಿಲ್ಲ" ಎಂದೆ.

"ಅಮಾಸಿ ಮುಂದ ಹ್ಯಾಂಗ ಹಾಕ್ಲಿ? ನಿಮ್ಮ ಕಂಪ್ಯೂಟರ್‌ಗೆ ಅಮಾಸಿ ಹುಣ್ಣಿಮಿ ಇಲ್ಲ ಅಂತ ನಮಗೂ ಇಲ್ಲೇನ್ರಿ?" ಎಂದು, ಜಗದೇವಿಯವರ ಕಡೆ ತಿರುಗಿ, "ಅಕ್ಕಾ, ಸಿಟ್ಟಾಗಬ್ಯಾಡ. ಐದು ಕ್ವಿಂಟಲ್ ಇವತ್ತೇ ಗಾಡಿಗೆ ಹೇರಸ್ತೀನಿ" ಎಂದರು.

ಸಂಕ್ರಾಂತಿಯ ಮಾರನೆಯ ದಿನ ಹಾಸ್ಟೆಲ್ಲಿಗೆ ರೊಟ್ಟಿ ಹೋಯಿತು. ಪತ್ರದ ಸುದ್ದಿ ಪ್ರಾದೇಶಿಕ ಕಚೇರಿಗೂ ಮುಟ್ಟಿ ನನಗೆ ಮೆಮೋ ಬಂತು. ವಿವರಣೆ ಕೊಟ್ಟೆ. ಅದಕ್ಕೂ ಒಂದು ವಿವರಣೆ ಕೇಳಿದರು, ಅದನ್ನೂ ಕೊಟ್ಟೆ. ಮುಂದೆ ಜಾಗರೂಕನಾಗಿರತಕ್ಕದ್ದು ಎಂಬ ಎಚ್ಚರಿಕೆ ತಲುಪಿದಾಗ ನನ್ನ 'ಮುಂದೆ' ಎರಡು ತಿಂಗಳಷ್ಟೇ ಇತ್ತು.

ಓವರ್‌ಡ್ರಾಫ್ಟ್ ಶುಲ್ಕಗಳು ನ್ಯಾಯವೇ ಎಂದು ಈಗಲೂ ಬಂಧುಬಳಗದವರು ಕೇಳುತ್ತಾರೆ. ಬ್ಯಾಂಕು ಧರ್ಮಛತ್ರವಲ್ಲ. ಅಧಿಕಾರಿಯೊಬ್ಬ ಅರ್ಧ ದಿನ ಖರ್ಚು ಮಾಡಿ ದಾಸ್ತಾನು ನೋಡಿ ಬಂದರೆ 236 ರೂಪಾಯಿ ದೊಡ್ಡದೇನಲ್ಲ. ಆದರೆ ಮಾಡದ ಕೆಲಸಕ್ಕೆ ಕೂಲಿ ತೆಗೆದು, ಆ ಕೂಲಿಯಿಂದಲೇ ಬಿದ್ದ ತೂತಿಗೆ ದಂಡ ಹಾಕುವುದನ್ನು ನ್ಯಾಯವೆನ್ನಲು ನನಗೆ ಸಂಬಳ ಬರುತ್ತಿದ್ದಾಗಲೂ ಕಷ್ಟವಾಗಿತ್ತು, ಈಗಂತೂ ಪಿಂಚಣಿ.

ಜೂನ್ ಕೊನೆಯಲ್ಲಿ ಜಗದೇವಿ ಸಾಲ ಪೂರ್ತಿ ತೀರಿಸಿ, ಓವರ್‌ಡ್ರಾಫ್ಟ್ ಮುಚ್ಚಿಬಿಡಿ ಎಂದರು. ಮುಂದೆ ಶಿವಶರಣಪ್ಪ ಸಾವ್ಕಾರರ ಉದ್ರಿಯೇ ಸಾಕಂತೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿ, ಅವರ ಬಡ್ಡಿ ನಮ್ಮದಕ್ಕಿಂತ ಎರಡು ಪಟ್ಟು ಎಂದು ತೋರಿಸಿದೆ.

"ಗೊತ್ತದ್ರಿ ಸಾಹೇಬ್ರ. ಹೆಚ್ಚೇ ತಗೋತಾರ. ಖರೆ, ಮೊದಲ ಬಾಯಿಲೆ ಹೇಳಿ ಆಮ್ಯಾಲ ತಗೋತಾರ."

ಓವರ್‌ಡ್ರಾಫ್ಟ್ ಖಾತೆಯನ್ನು ಅವಧಿಗೆ ಮೊದಲು ಮುಚ್ಚಲೂ ಒಂದು ಶುಲ್ಕವಿದೆ: ಮಿತಿಯ ಶೇಕಡಾ ಎರಡು, ಮೇಲೆ ಜಿಎಸ್‌ಟಿ, ಒಟ್ಟು 1,180 ರೂಪಾಯಿ. ಅರ್ಜಿಗೆ ಅವರ ಸಹಿ ಬೀಳುವ ಮೊದಲೇ, ಎದುರಿಗೆ ಕೂರಿಸಿ, ಎರಡು ಸಲ ಬಿಡಿಸಿ ಹೇಳಿದೆ. ಅವರು ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟರು. ಒಂದು ಮಾತೂ ವಾದಿಸಲಿಲ್ಲ.