ದೊಡ್ಡಮ್ಮನ ಕಿವಿ

ಮೊನ್ನೆ ಉಡುಪಿಯಲ್ಲಿ ಪಿಯುಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಿದ್ದಾಗ ನನ್ನದೇ ಕೆಂಪು ಶಾಯಿ ನೋಡಿ ಬೆಚ್ಚಿಬಿದ್ದೆ. ಆ ವಿದ್ಯಾರ್ಥಿ ಉತ್ತರ ಬರೆದಿರಲಿಲ್ಲ. ಪ್ರಶ್ನೆಯನ್ನೇ ಎರಡು ಸಲ ದುಂಡಗೆ ಬರೆದಿಟ್ಟಿದ್ದ. ನಾನು ಸಾಲಿಗೊಂದು ರೈಟ್ ಹಾಕಿ, ನಾಲ್ಕು ಅಂಕ ಕೊಟ್ಟು, ಪುಟ ಮಗುಚಿದ್ದೆ. ಕಣ್ಣು ಓದುತ್ತಿತ್ತು, ಕೈ ಅಂಕ ಹಾಕುತ್ತಿತ್ತು, ಯಜಮಾನ ಮಾತ್ರ ಮನೆಯಲ್ಲಿರಲಿಲ್ಲ. ಎಷ್ಟು ಹೊತ್ತಿನಿಂದ ಎಂಬುದೂ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷದ ಮೇಷ್ಟ್ರುಗಿರಿಯ ಸಾಧನೆ ಇದು, ನಗಬೇಡಿ.

ನಾನು ಕಾಲೇಜು ಓದಿದ್ದು ಕಾರ್ಕಳದಲ್ಲಿ, ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಬೀಡಿ ಕಟ್ಟುತ್ತಿದ್ದರು. ಅಕ್ಷರ ಬಾರದು. ಮನಸ್ಸಿನಲ್ಲೇ ಓದಿಕೊಳ್ಳುವುದು ಅವರ ಲೆಕ್ಕದಲ್ಲಿ ಓದೇ ಅಲ್ಲ. "ಬಾಯಿ ಬಿಟ್ಟು ಓದು, ನನಗೂ ಸ್ವಲ್ಪ ಹೊತ್ತು ಹೋಗ್ತದೆ" ಎನ್ನುತ್ತಿದ್ದರು. ಹಾಗೆ ಅರ್ಥಶಾಸ್ತ್ರವನ್ನೂ ಇತಿಹಾಸವನ್ನೂ ತಂಬಾಕಿನ ಘಾಟಿಗೆ ಸೀನುತ್ತ ಓದಿದೆ.

ಗಟ್ಟಿಯಾಗಿ ಓದುವವರಿಗೆ ಒಂದು ಕೆಟ್ಟ ವಿದ್ಯೆ ಸಿದ್ಧಿಸುತ್ತದೆ, ನಿಮಗೂ ಗೊತ್ತಿರಬಹುದು. ಬಾಯಿ ಓದುತ್ತಲೇ ಇರುತ್ತದೆ, ಮನಸ್ಸು ಕಾಪುವಿನ ಕಡಲ ಬದಿಯಲ್ಲಿ ತಿರುಗುತ್ತಿರುತ್ತದೆ. ತಪ್ಪು ಒಂದೂ ಆಗುವುದಿಲ್ಲ. ಆದರೆ ಬೀಡಿ ಎಲೆ ಕತ್ತರಿಸುತ್ತಿದ್ದ ದೊಡ್ಡಮ್ಮನ ಕತ್ತರಿ ನಿಲ್ಲುತ್ತಿತ್ತು. "ಓಡೆ ಪೋಯ?" ಎಲ್ಲಿಗೆ ಹೋದೆ ಎಂದು ತುಳುವಿನಲ್ಲಿ ಕೇಳುವರು. ಬೈಗುಳವಲ್ಲ, ಬರೀ ವಿಚಾರಣೆ. ಹೋದ ಜಾಗ ಹೇಳಿದ ಮೇಲೆಯೇ ಮುಂದಿನ ಓದು. ಒಮ್ಮೆ ಮಾತ್ರ, ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೇನೆ ಎಂದು ವಾದಿಸಿದೆ.

"ನಿನ್ನ ಸ್ವರ ಸಪ್ಪೆ ಆಗ್ತದೆ ಮಾರಾಯ. ನನಗೆ ಅಕ್ಷರ ಬರುವುದಿಲ್ಲ, ಕಿವಿ ಉಂಟು ಅಲ್ವಾ?" ಎಂದವರು ಆಗತಾನೆ ಕಟ್ಟಿದ ಬೀಡಿಯೊಂದನ್ನು ಎತ್ತಿ ತೋರಿಸಿದರು. ಅದರ ಹೊಟ್ಟೆ ಉಬ್ಬಿತ್ತು. "ನೋಡು, ಇದು ನಾನು ಎಲ್ಲಿಗೋ ಹೋಗಿದ್ದಾಗ ಕಟ್ಟಿದ್ದು." ನೂಲು ಬಿಚ್ಚಿ, ತಂಬಾಕನ್ನು ಮೊರಕ್ಕೆ ಸುರಿದು, ಅದೇ ಎಲೆಯನ್ನು ಮತ್ತೆ ಸುತ್ತಿದರು. ನಾನೂ ಪುಟದ ಮೇಲಿನಿಂದ ಮತ್ತೆ ಸುರುಮಾಡಿದೆ. ನಾನು ಪಾಸಾದದ್ದು ಆ ಕಿವಿಯಿಂದ. ನನ್ನ ಬುದ್ಧಿಯಿಂದ ಎಂದು ಹೇಳಿಕೊಂಡು ತಿರುಗಿದ್ದು ಬೇರೆ ವಿಷಯ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವರ ಫೋನ್ ಬಂತು. ನಾನು ಮಣಿಪಾಲದ ಮನೆಯಲ್ಲಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ, ಅದರಲ್ಲೇ ಸಹೋದ್ಯೋಗಿಗಳ ಗ್ರೂಪಿನ ಜಗಳ ಓದುತ್ತ, "ಹಾಂ, ಹೌದೌದು" ಎನ್ನುತ್ತಿದ್ದೆ. ಅತ್ತ ಮಾತು ನಿಂತಿತು.

"ಓಡೆ ಪೋಯ?"

"ಇಲ್ಲೇ ಇದ್ದೇನೆ ದೊಡ್ಡಮ್ಮ, ಹೇಳಿ."

"ಇರಲಿ. ನಿನ್ನ ಕೆಲಸ ಮುಗಿಸು. ಮತ್ತೆ ಮಾಡ್ತೇನೆ."

ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮೂರು ವಾರದಲ್ಲಿ ತೀರಿಹೋದರು. ಅಂದು ಏನು ಹೇಳಲು ಹೊರಟಿದ್ದರು ಎಂದು ಅವರ ಮಗಳು ಶಶಿಕಲಾಳನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಹಪ್ಪಳದ ಸುದ್ದಿಯೋ ಏನೋ ಇರಬೇಕು ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಮೊನ್ನೆ ಆ ಪತ್ರಿಕೆಗಳ ಕಟ್ಟನ್ನು ಮೊದಲಿನಿಂದ ಮತ್ತೆ ನೋಡಿದೆ, ತುಟಿಯಾಡಿಸುತ್ತ. ಪಕ್ಕದಲ್ಲಿದ್ದ ಮೇಡಂ, "ಎಂತ ಸರ್, ಪಾರಾಯಣವಾ?" ಎಂದು ನಕ್ಕರು. ಇನ್ನೆರಡು ಪತ್ರಿಕೆಗಳಲ್ಲೂ ನನ್ನ ಗೈರುಹಾಜರಿ ಸಿಕ್ಕಿತು. ಒಂದರಲ್ಲಿ ಒಳ್ಳೆಯ ಉತ್ತರವನ್ನೇ ಹೊಡೆದುಹಾಕಿದ್ದೆ. ತಿದ್ದಿ ಸಹಿ ಹಾಕಿದೆ. ಇವನ್ನಾದರೂ ತಿದ್ದಬಹುದಲ್ಲ ಎನಿಸಿ ತುಂಬ ಸಂಕಟವಾಯಿತು. ಊಟಕ್ಕೆ ಬಿಟ್ಟಾಗ ಅಂಗಳಕ್ಕೆ ಹೋಗಿ ಶಶಿಕಲಾಳಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ.

ಅವಳು ಹೇಳಿದಳು: "ಆಸ್ಪತ್ರೆಯ ರಿಪೋರ್ಟ್ ಬಂದಿತ್ತು ಅಣ್ಣ. ಬರೀ ಗ್ಯಾಸ್ಟ್ರಿಕ್ ಅಂತ ನಾನು ಸುಳ್ಳು ಓದಿ ಹೇಳಿದ್ದೆ. ಅಮ್ಮ ನಂಬಲಿಲ್ಲ. 'ಅವನ ಹತ್ತಿರ ಓದಿಸ್ತೇನೆ, ಅವನು ಸುಳ್ಳು ಓದಿದರೆ ನನಗೆ ಸ್ವರದಲ್ಲಿ ಗೊತ್ತಾಗ್ತದೆ' ಅಂತ ಹೇಳಿ ನಿಮ್ಮನ್ನು ಮನೆಗೆ ಕರೆಯಲಿಕ್ಕೆ ಫೋನ್ ಮಾಡಿದ್ದು. ಆಮೇಲೆ ಆ ಕಾಗದವನ್ನು ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದರು. ಯಾರ ಹತ್ತಿರವೂ ಓದಿಸಲಿಲ್ಲ."

ಬೆಲ್ ಹೊಡೆಯಿತು. ಎಲ್ಲರೂ ಒಳಗೆ ಹೋದರು.

"ಅಣ್ಣಾ, ಕೇಳ್ತಾ ಉಂಟಾ?"

"ಕೇಳ್ತಾ ಉಂಟು, ಹೇಳು" ಎಂದೆ. ತಾನು ಹೇಳಿದ ಆ ಸುಳ್ಳನ್ನು ಅವಳೂ ಈ ಎರಡು ವರ್ಷ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲವಂತೆ. ಅವಳ ಅಳು ಮುಗಿಯುವವರೆಗೂ ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.