ಮೊಟ್ಟೆ ಹೊತ್ತ ಜೇಡ

ಇವತ್ತು ನಂಜನಗೂಡಿನ ನಮ್ಮ ರೂಮಿನ ಬಾಗಿಲು ತೆಗೆದರೆ ಜಿರಲೆ ಔಷಧಿಯ ಘಾಟು ಮೂಗಿಗೆ ಬಡಿಯಿತು. ಅಂಗೈಯಗಲದ ಜೇಡವೊಂದು ಬಿಳಿ ಬಿಲ್ಲೆಯಂಥ ಮೊಟ್ಟೆಚೀಲವನ್ನು ಅವುಚಿಕೊಂಡೇ ಸತ್ತಿತ್ತು.

ನಾನು ಚಿಕ್ಕವಳಿದ್ದಾಗ ಹೆಮ್ಮಿಗೆಯ ನಮ್ಮ ಮನೆಯಲ್ಲಿ ಇಂಥದ್ದೇ ಜೇಡವೊಂದು ಕ್ಯಾಲೆಂಡರಿನ ಹಿಂದೆ ಇರುತ್ತಿತ್ತು. ನನ್ನ ತುಟಿಯ ಮೇಲೆ ಗುಳ್ಳೆ ಎದ್ದರೆ ಸಾಕು, ಅಜ್ಜಿ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದಳು.

"ಜೇಡ ಉಚ್ಚೆ ಉಯ್ದದೆ."

ವಿಜ್ಞಾನದ ಕಿರುಪುಸ್ತಕ ಓದಿದ್ದ ನಾನು ಉರಿದುಬೀಳುತ್ತಿದ್ದೆ. "ಅದೇನೂ ಮಾಡಿಲ್ಲ ಕಣಜ್ಜಿ! ಜಿರಲೆ ತಿನ್ತದೆ ಅಷ್ಟೆ."

"ಪುಸ್ತಕ ಬರ್ದೋರು ನಮ್ಮನೇಲಿ ಮನಗಿದ್ರಾ?"

"ಅಂಗಾದ್ರೆ ಸಾಯ್ಸು!" ಎಂದು ಒಮ್ಮೆ, ಅದು ಮೊಟ್ಟೆಚೀಲ ಹೊತ್ತಿದ್ದಾಗ, ಪೊರಕೆ ಕೊಟ್ಟೆ. ಅಜ್ಜಿ ಅದನ್ನು ಕಿತ್ತು ಮೂಲೆಗೆಸೆದಳು.

"ಬಸ್ರೀನ ಯಾರಾದ್ರೂ ಒಡೀತಾರಾ, ಮೊಗ?"

ಇವತ್ತು ಔಷಧಿ ಹೊಡೆದವಳು, ಮೌಢ್ಯದ ವಿರುದ್ಧ ನನ್ನ ಜೊತೆ ಕರಪತ್ರ ಹಂಚುವ ಗೆಳತಿ.

"ಅದು ನಮಗೇನೂ ಮಾಡಲ್ಲ ಕಣೇ!" ಎಂದು ಕೂಗಾಡಿದೆ.

"ಗೊತ್ತು ಕಣೇ," ಎಂದಳು. "ನೋಡಕ್ಕೆ ಅಸಹ್ಯ, ಅಷ್ಟೆ."