ಕ್ಷಮೆ ಕೇಳಲು ಸೊರಬಕ್ಕೆ

ಬೆಳಿಗ್ಗೆ ಶಿವಮೊಗ್ಗದಲ್ಲಿ ಬಸ್ಸು ಹತ್ತುವಾಗಲೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಕಾರ್ಖಾನೆಯಲ್ಲಿ ಮಿಲ್ಲಿಂಗ್ ಮಷಿನ್‌ಗೆ ಪ್ರೋಗ್ರಾಂ ಬರೆಯುವವಳು ನಾನು. ಕಬ್ಬಿಣವನ್ನು ಎಲ್ಲಿ, ಎಷ್ಟು ಕೊರೆಯಬೇಕೆಂದು ಯಂತ್ರಕ್ಕೆ ಹೇಳುವುದು ನನ್ನ ಕೆಲಸ. ಸೊರಬದ ಒಂದು ಅಕ್ಕಿ ಗಿರಣಿಗೆ ನಾವು ಕಳಿಸಿದ್ದ ಎರಡು ಹೌಸಿಂಗ್‌ಗಳಲ್ಲಿ, ಅಂದರೆ ಬೇರಿಂಗ್ ಹಿಡಿದಿಡುವ ಕಬ್ಬಿಣದ ಗೂಡುಗಳಲ್ಲಿ, ಬೇರಿಂಗ್ ಕೂರುತ್ತಿಲ್ಲವೆಂದು ದೂರು ಬಂದಿತ್ತು. "ತೂತು ಸಣ್ಣದಾಗಿದ್ರೆ ತಪ್ಪು ನಿಂದೇ. ಹೋಗಿ ನೋಡ್ಕೊಂಡು ಬಾ. ಹೌದು ಅಂತಾದ್ರೆ ನಾಳೆಯಿಂದ ಸ್ಟೋರ್‌ನಲ್ಲಿ ಕೂತ್ಕೋ" ಎಂದಿದ್ದರು ಮ್ಯಾನೇಜರ್. ವರ್ಷಗಟ್ಟಲೆ ಮಷಿನ್ ಪಕ್ಕ ನಿಂತು ನಾನು ಕಲಿತದ್ದು ಸ್ಟೋರ್‌ನಲ್ಲಿ ಬೋಲ್ಟು ಎಣಿಸುವುದಕ್ಕಲ್ಲ.

ಸರ್ಕಾರಿ ಬಸ್ಸಾದ್ದರಿಂದ ಶಿಕಾರಿಪುರದವರೆಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರ್ ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆ ನೋಡಿ, "ಏನ್ರೀ ಅಕ್ಕಾ, ಬಳೆ ವ್ಯಾಪಾರನಾ?" ಎಂದ. ತೂತಿನ ಒಳಅಳತೆ ನೋಡುವ ಗೇಜು ಎಂದೆ. ಅವನು ನಕ್ಕ, ನಾನು ನಗಲಿಲ್ಲ.

ಶಿಕಾರಿಪುರದ ನಿಲ್ದಾಣದ ಬಳಿ ಬಿಸಿ ಪಡ್ಡು ತಿಂದೆ. ಚಟ್ನಿ ನಾಲಿಗೆ ಸುಡುವಷ್ಟು ಖಾರವಿತ್ತು, ಅವತ್ತಿನ ನನ್ನ ಸಿಟ್ಟಿಗೆ ಸರಿಯಾಗಿತ್ತು. ಅಲ್ಲಿಂದ ಖಾಸಗಿ ಬಸ್ಸು. ಸಂತೆಗೆ ಹೊರಟವರ ಈರುಳ್ಳಿ ಚೀಲಗಳ ನಡುವೆ ಶಿರಾಳಕೊಪ್ಪದವರೆಗೂ ಒಂಟಿಕಾಲಲ್ಲಿ ನಿಂತೆ. ಆಮೇಲೆ ಸೀಟು ಸಿಕ್ಕಿತು. ಕಿಟಕಿಯಾಚೆ ಭತ್ತದ ಗದ್ದೆಗಳು ಹಣ್ಣಾಗತೊಡಗಿದ್ದವು, ಬಿಸಿಲು ಚುರುಗುಟ್ಟುತ್ತಿತ್ತು.

ಗಿರಣಿಯ ಮಾಲೀಕರು ರುದ್ರಪ್ಪನವರು, ಹಣೆತುಂಬ ವಿಭೂತಿ ಧರಿಸಿದ ಹಿರಿಯರು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದರು. "ಇಂಜಿನಿಯರ್ ಎಲ್ಲಿದ್ದಾರಮ್ಮಾ?"

"ನಾನೇ ರೀ."

"ಓಹೋ, ಆ ಹುಡುಗಿ ನೀನೇನಾ! ನಿಮ್ಮ ಸಾಹೇಬ್ರು ನಿನ್ನೆನೇ ಫೋನ್ ಮಾಡಿದ್ರು. ನಮ್ಮ ಹುಡುಗಿ ತಪ್ಪು ಮಾಡಿದಾಳೆ, ಬಂದು ಕ್ಷಮೆ ಕೇಳ್ತಾಳೆ ಅಂದ್ರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಜ್ವರ ಬಂದಿದೆಯೋ ಇಲ್ಲವೋ ನೋಡುವ ಮೊದಲೇ ಬರೆ ಕಾಯಿಸಿಟ್ಟಿದ್ದರು. ಹೌಸಿಂಗ್ ತೋರಿಸಿ ಎಂದೆ.

ಒಂದು ಹೌಸಿಂಗ್, ಬೇರಿಂಗ್ ತುರುಕಲು ಕೊಟ್ಟ ಸುತ್ತಿಗೆ ಏಟಿಗೆ ಸೀಳಿತ್ತು. ಇನ್ನೊಂದು ಹಸಿರು ಬಣ್ಣದಲ್ಲಿ ಮಿಂಚುತ್ತ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಗೇಜು ಇಳಿಸಿದೆ. ತೂತು ನಿಜಕ್ಕೂ ಸಣ್ಣದಿತ್ತು! ಒಳಗೆ ಬೆರಳಾಡಿಸಿದೆ. ಮಷಿನ್ ಕೊರೆದ ಕಬ್ಬಿಣದಲ್ಲಿ ಸಣ್ಣ ಗೆರೆಗಳು ಬೆರಳಿಗೆ ಸಿಗಬೇಕು. ಇದು ಗಾಜಿನ ಹಾಗೆ ಜಾರುತ್ತಿತ್ತು. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಒಳಗೂ ಹಸಿರು.

"ಇದಕ್ಕೆ ಬಣ್ಣ ಹೊಡೆಸಿದ್ದು ಯಾರು ರೀ?"

"ನಾವೇ! ಆಯುಧಪೂಜೆಗೆ ಎಲ್ಲಾ ಮಷಿನ್ನಿಗೂ ಹೊಡ್ಸಿದ್ವಿ. ಇವು ಹೊಸಾವು ಅಂತ ಒಳಗೂ ಹೊರಗೂ ಎರಡೆರಡು ಸಲ ಹೊಡ್ಸಿದೆ" ಎಂದರು, ಹೆಮ್ಮೆಯಿಂದಲೇ.

ಥಿನ್ನರ್ ತರಿಸಿ, ಬಟ್ಟೆ ಅದ್ದಿ, ಒಳಗಿನ ಬಣ್ಣವೆಲ್ಲ ಹೋಗುವವರೆಗೆ ಒರೆಸಿದೆ. ಮತ್ತೆ ಗೇಜು ಇಳಿಸಿದಾಗ ನಾನು ಬರೆದ ಅಳತೆಯೇ ಬಂತು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ಬೇರಿಂಗ್ ಕೂತಿತು. ರುದ್ರಪ್ಪನವರು ಸೀಳಿದ ಹೌಸಿಂಗ್ ಎತ್ತಿಕೊಂಡು ಒಳಗೆ ಬೆರಳಾಡಿಸಿದರು.

"ತಪ್ಪು ನಮ್ಮದೇ ಆಯ್ತಲ್ರೀ ಮೇಡಂ. ಬನ್ನಿ, ಚಾ ಕುಡೀರಿ."

ಕುಡಿದೆ. ಸಕ್ಕರೆ ಜಾಸ್ತಿಯಿತ್ತು.

ವಾಪಸು ಬಸ್ಸು ಸೊರಬ ಬಿಡುತ್ತಿದ್ದಂತೆ ಮ್ಯಾನೇಜರ್ ಫೋನ್ ಬಂತು. "ಕ್ಷಮೆ ಕೇಳಿದ್ಯಾ?"

"ತೂತು ಸರಿಯಾಗಿದೆ ಸರ್. ಒಳಗೆ ಅವರೇ ಬಣ್ಣ ಹೊಡ್ಸಿದ್ರು. ಅವರೇ ಒಪ್ಕೊಂಡ್ರು."

"ಅಯ್ಯೋ, ಅವರ ಬಾಯಲ್ಲಿ ಯಾಕಮ್ಮಾ ಹೇಳಿಸ್ದೆ? ಹಳೇ ಗಿರಾಕಿ. ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಏನೂ ಹೋಗ್ತಿರಲಿಲ್ಲ ಸರ್" ಎಂದೆ. ಇಡೀ ಬಸ್ಸು ತಿರುಗಿ ನೋಡುವಷ್ಟು ನನ್ನ ದನಿ ಏರಿತ್ತು. "ನಾಳೆ ಬೆಳಿಗ್ಗೆ ಮಷಿನ್ ಹತ್ರ, ಎಲ್ಲರ ಎದುರಿಗೆ, ಆ ಒಂದು ಮಾತು ನೀವು ನನಗೆ ಹೇಳಿ."